ಕೇಸರಿ ಬೇಳೆಯ ವಿಷವನ್ನು ಸೆರೆಹಿಡಿದವರು

ಕ್ರಿ.ಶ. 1829ರಲ್ಲಿ ಮಧ್ಯಭಾರತದ ಸಾಗರ ಪ್ರಾಂತದ ಗೋಧಿಯ ಹೊಲಗಳ ಮೇಲೆ ಆಲಿಕಲ್ಲಿನ ಮಳೆ ಬಿದ್ದು ಫಸಲು ನೆಲಕಚ್ಚಿತು. ಮರುವರ್ಷ ಸಕಾಲದ ಮಳೆ ಬಾರದೆ ಬೆಳೆ ಸೊರಗಿತು. 1831ರಲ್ಲಿ ಅದೇ ಗೋಧಿಗೆ ರೋಗ ತಗುಲಿತು. ಮೂರು ಸಂವತ್ಸರಗಳ ಈ ದೈವಕೋಪದ ನಡುವೆ ಒಂದೇ ಒಂದು ಸಸ್ಯ ಬಾಡದೆ, ಬಾಗದೆ, ಸತ್ತ ಗೋಧಿಯ ನಡುವೆಯೇ ಹಬ್ಬಿ ಹಸುರಾಗಿ ನಿಂತಿತು. ಅಲ್ಲಿಯವರು ತಿವರಾ ಎನ್ನುತ್ತಿದ್ದ, ನಾವು ಕೇಸರಿ ಬೇಳೆ ಎಂದು ಬಲ್ಲ ಆ ಕಾಳನ್ನೇ ಜನ ಅನ್ನವೆಂದು ಕಣ್ಣಿಗೊತ್ತಿಕೊಂಡರು. ಎರಡು ವರ್ಷ ಅದನ್ನೇ ಉಂಡರು. 1833ರಲ್ಲಿ ಅದರ ಫಲ ಗೋಚರಿಸಿತು. ಮೂವತ್ತರ ಒಳಗಿನ ತರುಣರ ಕಾಲುಗಳು ಯಾವ ಮುನ್ಸೂಚನೆಯೂ ಇಲ್ಲದೆ ಸೊಂಟದ ಕೆಳಗೆ ಸೆಟೆದು ನಿಂತವು. ಠಗ್ಗರನ್ನು ಅಡಗಿಸಿದವನೆಂದು ಹೆಸರಾದ ವಿಲಿಯಂ ಸ್ಲೀಮನ್ ಈ ದಾರುಣವನ್ನು ಕಂಡು, 1844ರಲ್ಲಿ ಪ್ರಕಟಿಸಿದ ತನ್ನ ಪ್ರವಾಸ ಗ್ರಂಥದಲ್ಲಿ ದಾಖಲಿಸಿದ್ದಾನೆ. ಕೊಲೆಗಡುಕರ ಪಡೆಯನ್ನು ಹಿಡಿದು ನ್ಯಾಯಾಸನದ ಮುಂದೆ ನಿಲ್ಲಿಸಿದ ಆ ಅಧಿಕಾರಿಗೆ ಈ ಅಪರಾಧಿಯನ್ನು ಹಿಡಿಯುವ ಉಪಾಯ ತಿಳಿದಿರಲಿಲ್ಲ. ಅದನ್ನು ಹಿಡಿಯಲು ಮುಂದೆ ನೂರಮೂವತ್ತು ವರ್ಷಗಳು ಬೇಕಾದವು. ಹಿಡಿದವರು ನಮ್ಮ ಬೆಂಗಳೂರಿನವರು, ಪಳಗಿಸಲು ಹೊರಟವರು ಹೈದರಾಬಾದಿನವರು.

ಆ ಕಾಳಿನ ಕುಖ್ಯಾತಿ ಸಾಮ್ರಾಜ್ಯಗಳಿಗಿಂತ ಹಳೆಯದು. ಸುಶ್ರುತ ಸಂಹಿತೆಯ ವಾತವ್ಯಾಧಿಗಳ ಪಂಕ್ತಿಯಲ್ಲಿ, ನಡೆಯಲು ಹೊರಟೊಡನೆ ನಡುಗುತ್ತ ಕುಂಟುವ, ಸಂಧಿಬಂಧಗಳು ಸಡಿಲಗೊಂಡ ರೋಗಿಗೆ ಕಲಾಯಖಂಜ ಎಂಬ ಲಕ್ಷಣ ಹೇಳಿದೆ. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ ತ್ರಿಪುಟವೆಂಬ ಧಾನ್ಯ ಮನುಷ್ಯನನ್ನು ಹೆಳವನನ್ನಾಗಿಸುವುದೆಂದು ಎಚ್ಚರಿಸಿದ್ದಾನೆ. ಗ್ರೀಕರ ಹಿಪ್ಪೊಕ್ರಾಟಿಸನ ಪರಂಪರೆಯ ಗ್ರಂಥಗಳಲ್ಲೂ, ಐನೋಸ್ ಪಟ್ಟಣದಲ್ಲಿ ನಿರಂತರವಾಗಿ ಕಾಳನ್ನೇ ತಿಂದ ಸ್ತ್ರೀಪುರುಷರ ಕಾಲುಗಳು ಬಲಗುಂದಿದ ಪ್ರಸಂಗವಿದೆ. ಜರ್ಮನ್ ದೇಶದ ವೂರ್ಟೆಂಬರ್ಗ್ ಸಂಸ್ಥಾನದ ಡ್ಯೂಕ್ ಜಾರ್ಜ್ 1671ರಲ್ಲಿ ಈ ಕಾಳಿನ ಹಿಟ್ಟನ್ನು ರೊಟ್ಟಿಗೆ ಬೆರೆಸಬಾರದೆಂದು ಶಾಸನ ಹೊರಡಿಸಿದನು. ಸ್ಪೇನಿನ ಮೇಲೆ ನೆಪೋಲಿಯನ್ನನ ಸೇನೆ ಎರಗಿ, 1811–12ರಲ್ಲಿ ಮ್ಯಾಡ್ರಿಡ್ ನಗರ ಕ್ಷಾಮದಲ್ಲಿ ನರಳಿದಾಗ ಈ ಕಾಳಿನ ಗಂಜಿಯೇ ಬಡವರ ಪ್ರಾಣ ಉಳಿಸಿತು. ಚಿತ್ರಕಾರ ಗೋಯಾ ತನ್ನ ಯುದ್ಧದುರಂತಗಳ ಮುದ್ರಾಚಿತ್ರ ಮಾಲಿಕೆಯಲ್ಲಿ ಆ ಗಂಜಿ ಹಂಚುವ ದೃಶ್ಯವನ್ನು ಕೆತ್ತಿಟ್ಟ. ನೇಪಲ್ಸಿನ ವೈದ್ಯ ಕಾಂತಾನಿ 1873ರಲ್ಲಿ ರೋಗಕ್ಕೆ ಲ್ಯಾಥಿರಿಸಂ ಎಂಬ ಹೆಸರಿಟ್ಟ. ನಮ್ಮಲ್ಲಿ ರೇವಾ ಸಂಸ್ಥಾನದ ಮಹಾರಾಜರು 1907ರಲ್ಲಿ ಈ ಬೇಳೆಗೆ ನಿಷೇಧ ವಿಧಿಸಿದರು. ರಾಜಾಜ್ಞೆಗಳು ಬಂದವು, ಹೋದವು. ಬರಗಾಲ ಬಂದಾಗಲೆಲ್ಲ ಜನ ಆ ಕಾಳಿಗೇ ಮರಳಿದರು. ಹಸಿದವನಿಗೆ ಬೇರೆ ಅನ್ನ ಕೊಡದ ರಾಜನ ಆಜ್ಞೆಗೆ ಬೆಲೆಯೆಷ್ಟು?

ರೋಗದ ಸ್ವರೂಪವನ್ನು ಅರಿಯದೆ ಅದರ ವಿರುದ್ಧ ನಡೆದ ಹೋರಾಟದ ಘನತೆ ತಿಳಿಯದು. ಇದು ಕೊಲ್ಲುವ ರೋಗವಲ್ಲ. ಬುದ್ಧಿ ಮಸುಕಾಗುವುದಿಲ್ಲ, ಸ್ಪರ್ಶಜ್ಞಾನ ಅಳಿಯುವುದಿಲ್ಲ. ಆದರೆ ಮಿದುಳಿನಿಂದ ಬೆನ್ನುಹುರಿಗಿಳಿದು ಕಾಲುಗಳನ್ನು ಆಳುವ ನರಮಾರ್ಗ ಹಾಳಾಗಿ, ಮೀನಖಂಡಗಳು ಬಿಗಿದು, ತೊಡೆಗಳು ಒಂದರ ಮೇಲೊಂದು ಕತ್ತರಿಯಂತೆ ಹೆಣೆದುಕೊಳ್ಳುತ್ತವೆ. ಒಮ್ಮೆ ಬಂದ ಊನ ಬದುಕಿರುವವರೆಗೂ ಬಿಡುವುದಿಲ್ಲ. 1922ರಲ್ಲಿ ಇದನ್ನು ಅಧ್ಯಯನ ಮಾಡಿದ ಮೇಜರ್ ಆಕ್ಟನ್ ರೋಗಿಗಳನ್ನು ಕೋಲಿಲ್ಲದೆ ನಡೆಯುವವರು, ಒಂದು ಕೋಲಿನವರು, ಎರಡು ಕೋಲಿನವರು, ಕೊನೆಗೆ ಕೈಯೂರಿ ತೆವಳುವವರು ಎಂದು ವಿಂಗಡಿಸಿದ. ಒಂದು ಶತಮಾನದ ಬಳಿಕವೂ ಆ ವಿಂಗಡಣೆ ಬಳಕೆಯಲ್ಲಿದೆ. ನಿತ್ಯದ ಆಹಾರದಲ್ಲಿ ಮೂರನೆಯ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು ಈ ಬೇಳೆಯೇ ಆಗಿ, ಅದು ಕೆಲವು ತಿಂಗಳು ಮುಂದುವರಿದರೆ ಅಪಾಯ ಎರಗುತ್ತದೆ. ಹಾಗೆ ಉಣ್ಣುತ್ತಿದ್ದವರು ಯಾರು? ರೇವಾ ಸೀಮೆಯಾದ ಬಘೇಲಖಂಡದ ಜಮೀನ್ದಾರರ ಹೊಲಗಳಲ್ಲಿ ಕೂಲಿಯಾಗಿ ಗೋಧಿಯ ಬದಲು ಈ ಕಾಳನ್ನೇ ಅಳೆಸಿಕೊಂಡು ಮನೆಗೆ ಒಯ್ಯುತ್ತಿದ್ದ ಜೀತದಾಳುಗಳು. ಹೊಲದ ಒಡೆಯನೂ ಅದೇ ಬೇಳೆಯನ್ನು ಉಣ್ಣುತ್ತಿದ್ದ, ಆದರೆ ಅವನ ತಟ್ಟೆಯಲ್ಲಿ ಗೋಧಿಯೂ ಹಾಲೂ ಇದ್ದವು. ಒಂದೇ ಊರಿನಲ್ಲಿ, ಒಂದೇ ಧಾನ್ಯದಿಂದ, ಒಬ್ಬ ಪುಷ್ಟನಾದ, ಇನ್ನೊಬ್ಬ ತೆವಳಿದ.

ಕಾಲಚಕ್ರ ಉರುಳಿತು, ಹಳೆಯ ಪ್ರಭುತ್ವಗಳು ಅಸ್ತಂಗತವಾಗುವ ಹೊತ್ತಿಗೆ ಈ ನೆಲದಲ್ಲಿ ಹೊಸ ಬಗೆಯ ದುರ್ಗಗಳು ಎದ್ದವು. ಜಮ್‌ಶೆಟ್‌ಜಿ ಟಾಟಾರವರ ದಾನ, ಮೈಸೂರು ಅರಸರು ಕೊಟ್ಟ 371 ಎಕರೆ ಭೂಮಿ, ಎರಡೂ ಕೂಡಿ 1909ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪಿತವಾಯಿತು. 1921ರಲ್ಲಿ ಅಲ್ಲಿ ಜೀವರಸಾಯನ ವಿಭಾಗ ಆರಂಭಗೊಂಡಿತು. 1918ರಲ್ಲಿ ಹೈದರಾಬಾದಿನ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೆಸರಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ತಲೆಯೆತ್ತಿತು. ಬೀದರ, ಕಲಬುರಗಿ, ರಾಯಚೂರುಗಳ ಕನ್ನಡದ ಮಕ್ಕಳು ಉನ್ನತ ವಿದ್ಯೆಗಾಗಿ ಉರ್ದು ಕಲಿತು ಆ ಶಿಲಾಸೌಧದ ಮೆಟ್ಟಿಲೇರಿದ್ದನ್ನು ನಮ್ಮ ಹಿರಿಯರು ಬಲ್ಲರು. ವಿಧಿಯ ಯೋಜನೆ ನೋಡಿ: ಅದೇ 1918ರಲ್ಲಿ ನೀಲಗಿರಿಯ ಕೂನೂರಿನ ಒಂದು ಕೋಣೆಯಲ್ಲಿ ರಾಬರ್ಟ್ ಮೆಕ್ಯಾರಿಸನ್ ಬೆರಿಬೆರಿ ರೋಗದ ವಿಚಾರಣೆಗೆ ತೊಡಗಿದ. ಆ ಕೋಣೆಯೇ ಬೆಳೆದು ಪೌಷ್ಟಿಕಾಂಶ ಸಂಶೋಧನಾಲಯವಾಗಿ, 1958ರಲ್ಲಿ ಬೆಟ್ಟವಿಳಿದು ಹೈದರಾಬಾದಿನ ತಾರ್ನಾಕಾಕ್ಕೆ, ಉಸ್ಮಾನಿಯಾದ ಮಗ್ಗುಲಿಗೇ ಬಂದು ನೆಲೆಸಿತು. 1969ರಲ್ಲಿ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ ಎಂಬ ಬಿರುದು ಪಡೆಯಿತು. ನಿಜಾಮರ ಆಳ್ವಿಕೆ 1948ರ ಸೆಪ್ಟೆಂಬರಿನಲ್ಲಿ ಮುಗಿಯಿತು, ಅವರ ಸಂಸ್ಥಾನ 1956ರಲ್ಲಿ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಆದರೆ ವಿದ್ಯೆಯ ಈ ನೆಲೆಗಳು ಆಳುವವರು ಬದಲಾದರೂ ಅಲುಗಲಿಲ್ಲ.

ಇತ್ತ ಪಶ್ಚಿಮದ ಪ್ರಯೋಗಶಾಲೆಗಳಲ್ಲಿ ಸಿಂಹಾಸನಕ್ಕೆ ಸುಳ್ಳು ಹಕ್ಕುದಾರರು ಒಬ್ಬೊಬ್ಬರಾಗಿ ಬಂದು ಹೋಗುತ್ತಿದ್ದರು. ಅಲಂಕಾರದ ಸಿಹಿಬಟಾಣಿ ಹೂವಿನ ಬೀಜಗಳಿಂದ ಇಲಿಗಳ ಎಲುಬು ಸೊಟ್ಟಗಾಗುವುದನ್ನು ಕಂಡು, 1954ರಲ್ಲಿ ಬೀಟಾ-ಅಮೈನೋಪ್ರೊಪಿಯೋನೈಟ್ರೈಲ್ ಎಂಬ ದ್ರವ್ಯವನ್ನು ಬೇರ್ಪಡಿಸಿದರು. ಅದು ಎಲುಬಿನ ವೈರಿ. ಮನುಷ್ಯನ ನರವ್ಯಾಧಿಗೂ ಅದಕ್ಕೂ ಸಂಬಂಧವಿರಲಿಲ್ಲ, ಕೇಸರಿ ಬೇಳೆಯಲ್ಲಿ ಅದು ಸಿಗಲೂ ಇಲ್ಲ. ಕೇಸರಿ ಬೇಳೆಯ ಹೊಲದಲ್ಲಿ ಬೆಳೆಯುವ ಒಂದು ಕಳೆಯ ಕಾಳೇ ನಿಜವಾದ ಅಪರಾಧಿಯೆಂಬ ಶಂಕೆ 1920ರ ದಶಕದಿಂದಲೂ ಇತ್ತು. 1962ರಲ್ಲಿ ಅಮೆರಿಕದ ಶಾರ್ಲಟ್ ರೆಸ್ಲರ್ ಆ ಕಾಳಿನಿಂದ ಬೀಟಾ-ಸಯನೋಅಲನೀನ್ ಎಂಬ ನರವಿಷವನ್ನು ಬೇರ್ಪಡಿಸಿದಾಗ, ಪ್ರಶ್ನೆ ಮುಗಿಯಿತೆಂದು ಹಲವರು ಭಾವಿಸಿದರು. ಆದರೆ ಕಳೆಯೇ ಇಲ್ಲದ, ಹಸನಾದ ಕೇಸರಿ ಬೇಳೆಯನ್ನು ಉಂಡವರೂ ಹೆಳವರಾಗುತ್ತಿದ್ದುದಕ್ಕೆ ಆ ಸಿದ್ಧಾಂತದಲ್ಲಿ ಉತ್ತರವಿರಲಿಲ್ಲ.

ಉತ್ತರ ಬೆಂಗಳೂರಿನಿಂದ ಬಂತು. ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಪ್ರೊ. ಪಿ.ಎಸ್. ಶರ್ಮ, ಎಸ್.ಎಲ್.ಎನ್. ರಾವ್ ಮತ್ತು ಪಿ.ಆರ್. ಅಡಿಗ ಎಂಬ ಮೂವರು ಈ ಬೀಜದ ಸಾರಕ್ಕೇ ಮುತ್ತಿಗೆ ಹಾಕಿದರು. ಅಡಿಗರು ನಮ್ಮ ಕರಾವಳಿಯ ಕನ್ನಡಿಗರು. ಮುಂದೆ ಸಂತಾನೋತ್ಪತ್ತಿಯ ಜೀವರಸಾಯನದಲ್ಲಿ ಮಾಡಿದ ಸಾಧನೆಗೆ 1980ರ ಭಟ್ನಾಗರ್ ಪ್ರಶಸ್ತಿ ಪಡೆದವರು. ಬೀಜದ ನೀರುಸಾರದ ಒಂದೊಂದು ಅಂಶವನ್ನೂ ಬಿಡಿಸಿ, ಅದನ್ನು ಒಂದು ದಿನದ ಕೋಳಿಮರಿಗಳಿಗೆ ಚುಚ್ಚಿ ಪರೀಕ್ಷಿಸುತ್ತ ಹೋದಾಗ, ಒಂದು ಅಂಶ ಮರಿಗಳ ಕತ್ತನ್ನು ತಿರುಚಿ, ತಲೆಯನ್ನು ಹಿಂದಕ್ಕೆಳೆದು, ಸೆಳವು ತರಿಸಿತು. 1963ರಲ್ಲಿ ಬೆಂಗಳೂರಿನಿಂದಲೇ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಮೊದಲ ವರದಿ ಬಂತು. 1964ರಲ್ಲಿ ಅಮೆರಿಕದ ಬಯೊಕೆಮಿಸ್ಟ್ರಿ ಪತ್ರಿಕೆಯಲ್ಲಿ ಪೂರ್ಣ ರಚನೆ ಪ್ರಕಟವಾಯಿತು. ಬೀಟಾ-ಎನ್-ಆಕ್ಸಾಲಿಲ್-ಎಲ್-ಆಲ್ಫಾ,ಬೀಟಾ-ಡೈಅಮೈನೋಪ್ರೊಪಿಯೋನಿಕ್ ಆಮ್ಲ: ಇದೇ ಶತಮಾನಗಳ ಆ ಅಪರಾಧಿಯ ಪೂರ್ಣ ನಾಮಧೇಯ. ವಿದ್ವಾಂಸರ ಬಾಯಲ್ಲಿ ಅದು ಓಡ್ಯಾಪ್ ಆಗಿದೆ. ಅದೇ ವರ್ಷ ದೆಹಲಿಯಲ್ಲಿ ಮೂರ್ತಿ, ಶೇಷಾದ್ರಿ, ವೆಂಕಟಸುಬ್ರಮಣಿಯನ್ ಅವರೂ ಸ್ವತಂತ್ರವಾಗಿ ಇದೇ ದ್ರವ್ಯವನ್ನು ಕಂಡರು. ಕೀರ್ತಿಯ ಒಂದು ಪಾಲು ಅವರಿಗೂ ಸಲ್ಲಬೇಕು.

ಈ ವಿಷದ ಅಂಗರಚನೆ ಆಶ್ಚರ್ಯಕರವಾಗಿ ಸರಳ. ನಮ್ಮ ದೇಹದ ಪ್ರೋಟೀನುಗಳನ್ನು ಕಟ್ಟುವ ಅಮೈನೋ ಆಮ್ಲಗಳು ಇಪ್ಪತ್ತು. ಸಸ್ಯಗಳಾದರೋ ಇವಲ್ಲದೆ ನೂರಾರು ಬೇರೆ ಅಮೈನೋ ಆಮ್ಲಗಳನ್ನು ತಮ್ಮ ಪ್ರಯೋಜನಕ್ಕಾಗಿ ಸೃಷ್ಟಿಸಿಕೊಳ್ಳುತ್ತವೆ. ಓಡ್ಯಾಪ್ ಆ ಗುಂಪಿನದು. ಮೂರು ಇಂಗಾಲಗಳ ಒಂದು ಪುಟ್ಟ ಸರಪಳಿ, ಅದರ ಮೇಲೆ ಎರಡು ಅಮೈನೋ ಗುಂಪುಗಳು, ಅವುಗಳಲ್ಲಿ ತುದಿಯದಕ್ಕೆ ಆಕ್ಸಾಲಿಕ್ ಆಮ್ಲದ ತುಣುಕೊಂದು ಅಂಟಿಕೊಂಡಿದೆ. ಒಟ್ಟು ಐದು ಇಂಗಾಲ, ಅಣುತೂಕ 176. ಗಿಡವು ಆಕ್ಸಾಲಿಲ್ ಕೋಎನ್‌ಜೈಮ್‌ನಿಂದ ಆ ತುಣುಕನ್ನು ಪಡೆದು ಜೋಡಿಸುವ ಬಗೆಯನ್ನು ಇದೇ ಬೆಂಗಳೂರಿನ ಕೆ. ಮಾಲತಿ, ಜಿ. ಪದ್ಮನಾಭನ್ ಮತ್ತು ಶರ್ಮರು 1970ರ ಹೊತ್ತಿಗೆ ತೋರಿಸಿಕೊಟ್ಟರು. ಇಷ್ಟು ಚಿಕ್ಕ ಅಣುವಿಗೆ ಅಷ್ಟು ಕ್ರೌರ್ಯ ಬಂದುದು ಅದರ ವೇಷದಿಂದ. ನಮ್ಮ ಮಿದುಳಿನಲ್ಲಿ ನರಕೋಶದಿಂದ ನರಕೋಶಕ್ಕೆ ಆಜ್ಞೆ ಒಯ್ಯುವ ದೂತ ಗ್ಲುಟಮೇಟ್ ಎಂಬ ಅಮೈನೋ ಆಮ್ಲ. ಓಡ್ಯಾಪ್ ಅದರ ರೂಪವನ್ನೇ ಹೋಲುತ್ತದೆ. ರಾಜಮುದ್ರೆಯ ಉಂಗುರವನ್ನು ಕದ್ದ ಶತ್ರುವಿನ ಚಾರನಂತೆ ಅದು ನರಕೋಶದ ಬಾಗಿಲಲ್ಲಿ ನಿಂತು, ಗ್ಲುಟಮೇಟಿಗೆಂದೇ ಇರುವ ಗ್ರಾಹಕಗಳನ್ನು ಪ್ರಚೋದಿಸುತ್ತದೆ. ನಿಲ್ಲದ ಪ್ರಚೋದನೆಯಿಂದ ಕೋಶವೇ ಬಳಲಿ ನಾಶವಾಗುತ್ತದೆ. ಎಡರೂಪದ ಅಣುವಿಗೆ ಮಾತ್ರ ಈ ಶಕ್ತಿ; ಅದರ ಬಲರೂಪದ ಕನ್ನಡಿಬಿಂಬಕ್ಕೆ ಇಲ್ಲ.

ಆದರೂ ವಿಜಯ ಸುಲಭಸಾಧ್ಯವಾಗಿರಲಿಲ್ಲ. ಕೋಳಿಮರಿಯ ಕತ್ತು ತಿರುಚಿದ ಮಾತ್ರಕ್ಕೆ ಮನುಷ್ಯನ ಕಾಲು ಸೆಟೆಯುವುದಕ್ಕೂ ಅದೇ ಕಾರಣವೆಂದು ಒಪ್ಪುವುದು ಹೇಗೆ ಎಂದು ಪ್ರತಿವಾದಿಗಳು ಕೇಳಿದರು. ಬೆಳೆದ ಪ್ರಾಣಿಗಳಲ್ಲಿ ರಕ್ತಕ್ಕೂ ಮಿದುಳಿಗೂ ನಡುವಿನ ತಡೆಗೋಡೆ ಈ ಅಣುವನ್ನು ಬಹುಮಟ್ಟಿಗೆ ಹೊರಗೇ ನಿಲ್ಲಿಸುತ್ತಿತ್ತು. 1967ರಲ್ಲಿ ರಾವ್ ಮತ್ತು ಶರ್ಮರು ನರವೈದ್ಯ ಕೆ.ಎಸ್. ಮಣಿ ಮುಂತಾದವರೊಡನೆ ಸೇರಿ, ಬೆನ್ನುಹುರಿಯ ದ್ರವಕ್ಕೇ ವಿಷವನ್ನು ಸೇರಿಸಿ ಕೋತಿಗಳಲ್ಲಿ ರೋಗ ತರಿಸಿದ ವೃತ್ತಾಂತವನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. 1986ರಲ್ಲಿ ಪೀಟರ್ ಸ್ಪೆನ್ಸರ್ ಮತ್ತು ಸಂಗಡಿಗರು ಈ ವಿಷವನ್ನು ಉಣಿಸಿದ ಕೋತಿಗಳಲ್ಲೂ ಅದೇ ನರಮಾರ್ಗ ಕೆಡುವುದನ್ನು ಕಂಡರು. 1993ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಜಯಲಕ್ಷ್ಮಿ ರವೀಂದ್ರನಾಥ್ ಮತ್ತು ಕೆ.ಎಸ್. ಪೈ ಇನ್ನೂ ಆಳಕ್ಕಿಳಿದು, ನರಕೋಶದ ಶಕ್ತಿಗೃಹವಾದ ಮೈಟೋಕಾಂಡ್ರಿಯದ ಒಂದು ಮುಖ್ಯ ಕಿಣ್ವವನ್ನೇ ಈ ವಿಷ ಸ್ತಂಭಿಸುತ್ತದೆಂದು ತೋರಿಸಿದರು. ಮೂರು ದಶಕಗಳ ಅವಧಿಯಲ್ಲಿ ಈ ಸಮರದ ಪ್ರಮುಖ ಘಟ್ಟಗಳಲ್ಲಿ ಹಲವು ಒಂದೇ ನಗರದ ಎರಡು ಸಂಸ್ಥೆಗಳ ನಡುವೆ ನಡೆದುಹೋದವು. ಕನ್ನಡ ನಾಡು ಇದಕ್ಕೆ ಹೆಮ್ಮೆಪಡದಿದ್ದರೆ ಇನ್ನಾವುದಕ್ಕೆ?

ಅತ್ತ ಹೈದರಾಬಾದಿನ ಪಾತ್ರ ಬೇರೆ ಬಗೆಯದು, ನನ್ನ ದೃಷ್ಟಿಯಲ್ಲಿ ಅಷ್ಟೇ ಉದಾತ್ತವಾದುದು. ಸಿ. ಗೋಪಾಲನ್ ಅವರ ನೇತೃತ್ವದಲ್ಲಿ ತಾರ್ನಾಕಾದ ವಿಜ್ಞಾನಿಗಳು ಪ್ರತಿಯೊಂದು ಪ್ರಶ್ನೆಯನ್ನೂ ಬಡವನ ತಟ್ಟೆಯಿಂದಲೇ ಆರಂಭಿಸುತ್ತಿದ್ದರು. ದಖ್ಖನಿನಲ್ಲಿ ಜೋಳವನ್ನೇ ನೆಚ್ಚಿ ಬದುಕುವ ಬಡವರಲ್ಲಿ ಕಾಣುತ್ತಿದ್ದ ಪೆಲಾಗ್ರ ರೋಗಕ್ಕೆ ಆ ಜೋಳದಲ್ಲಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲದ ಅತಿಶಯವೇ ಕಾರಣವಿರಬಹುದೆಂದು ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ವೈದ್ಯಪತ್ರಿಕೆ ಲ್ಯಾನ್ಸೆಟ್‌ನಲ್ಲಿ ವಾದಿಸಿದ್ದರು. ಆ ಸಿದ್ಧಾಂತದ ಸುತ್ತ ಮುಂದೆ ವಿವಾದ ಬೆಳೆಯಿತಾದರೂ ಆ ದೃಷ್ಟಿ ಅಚಲವಾಗಿತ್ತು. ಕೇಸರಿ ಬೇಳೆಯ ವಿಷಯದಲ್ಲೂ ಅವರದು ಅದೇ ಮಾರ್ಗ. ಬಡವ ಈ ಕಾಳನ್ನು ಬಿಡಲಾರನೆಂದಾದರೆ ಕಾಳಿನಿಂದ ವಿಷವನ್ನು ಬಿಡಿಸುವುದು ಹೇಗೆ? ಓಡ್ಯಾಪ್ ನೀರಿನಲ್ಲಿ ಕರಗುವ ವಸ್ತು. 1966ರಲ್ಲಿ ವಿ.ಎಸ್. ಮೋಹನ್, ವಿ. ನಾಗರಾಜನ್ ಮತ್ತು ಗೋಪಾಲನ್ ಸರಳ ವಿಧಾನಗಳನ್ನು ಪ್ರಕಟಿಸಿದರು: ಬೇಳೆಯನ್ನು ಹೇರಳ ನೀರಿನಲ್ಲಿ ಕುದಿಸಿ ಆ ನೀರನ್ನು ಚೆಲ್ಲುವುದು, ಅಥವಾ ನಮ್ಮ ಕರಾವಳಿಯವರು ಕುಸುಬಲಕ್ಕಿ ಮಾಡುವಂತೆ ಕಾಳನ್ನು ಬಿಸಿನೀರಿನಲ್ಲಿ ನೆನೆಸಿ, ಬಸಿದು, ಬಿಸಿಲಿಗೆ ಒಣಗಿಸುವುದು. ಇದರಿಂದ ವಿಷದ ಬಹುಭಾಗ ನೀರಿನೊಡನೆ ಹೊರಟುಹೋಗುತ್ತದೆ. ಚೆಲ್ಲುವ ನೀರಿನಲ್ಲಿ ಒಂದಿಷ್ಟು ಬಿ ಗುಂಪಿನ ಜೀವಸತ್ವಗಳೂ ಹೋಗುತ್ತವೆ. ನೀರು, ಸೌದೆ ಎರಡೂ ದುರ್ಲಭವಾದ ಗುಡಿಸಲಿನಲ್ಲಿ ಅದು ಸುಲಭವೂ ಅಲ್ಲ. ಆದರೂ ರಾಜಾಜ್ಞೆಗಳು ಕೊಡದಿದ್ದ ಒಂದು ದಾರಿಯನ್ನು ಈ ವಿಧಾನ ಕೊಟ್ಟಿತು.

ಬೆಂಗಳೂರಿನಲ್ಲಿ ವಿಷವನ್ನು ಸೆರೆಹಿಡಿದ ಎಸ್.ಎಲ್.ಎನ್. ರಾವ್ ಕಾಲಾಂತರದಲ್ಲಿ ಇದೇ ಹೈದರಾಬಾದಿಗೆ, ಉಸ್ಮಾನಿಯಾದ ಜೀವರಸಾಯನ ವಿಭಾಗಕ್ಕೆ ಬಂದರು. ಅಲ್ಲಿಂದ 1978ರಲ್ಲಿ ಅವರು ಪ್ರಕಟಿಸಿದ ಅಳತೆಯ ವಿಧಾನ ಈ ಚರಿತ್ರೆಯ ಇನ್ನೊಂದು ತಿರುವು. ಬೀಜದ ಸಾರವನ್ನು ಕ್ಷಾರದಲ್ಲಿ ಕಾಯಿಸಿದರೆ ಓಡ್ಯಾಪ್ ಒಡೆದು ಡೈಅಮೈನೋಪ್ರೊಪಿಯೋನಿಕ್ ಆಮ್ಲ ಉಳಿಯುತ್ತದೆ. ಅದಕ್ಕೆ ಆರ್ಥೋ-ಥಾಲಾಲ್ಡಿಹೈಡ್ ಬೆರೆಸಿದಾಗ ಮೂಡುವ ಹಳದಿ ಬಣ್ಣದ ಗಾಢತೆಯೇ ವಿಷದ ಪ್ರಮಾಣ. ದುಬಾರಿ ಯಂತ್ರಗಳಿಲ್ಲದ ಪ್ರಯೋಗಶಾಲೆಯೂ ಸಾವಿರಾರು ತಳಿಗಳ ಬೀಜಗಳನ್ನು ಹೀಗೆ ಅಳೆಯಬಹುದಾಯಿತು. ಇಥಿಯೋಪಿಯ, ಬಾಂಗ್ಲಾದೇಶಗಳಂಥ ಕಡೆ ಕಡಿಮೆ ವಿಷದ ತಳಿಗಾಗಿ ಹುಡುಕಿದವರಿಗೆ ಆಧಾರವಾದದ್ದು ಈ ಹಳದಿ ಬಣ್ಣವೇ. ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆ 1974ರಲ್ಲೇ ಶೇ. 0.2ರಷ್ಟು ವಿಷವಿರುವ ಪೂಸಾ-24 ತಳಿಯನ್ನು ಕೊಟ್ಟಿತ್ತು. ಮುಂದೆ ಅಂಗಾಂಶ ಕೃಷಿಯಿಂದ ರತನ್, ರಾಯಪುರದಿಂದ ಮಹಾತೇವಡಾ ಬಂದವು.

ಇನ್ನು ಶಾಸನದ ಕಥೆ. ಭಾರತ ಸರ್ಕಾರ 1961ರಲ್ಲಿ ಆಹಾರ ಕಲಬೆರಕೆ ತಡೆ ನಿಯಮಗಳಡಿ ಕೇಸರಿ ಬೇಳೆಯ ಮಾರಾಟವನ್ನು ನಿಷೇಧಿಸಿತು. ಆಗಿನ್ನೂ ವಿಷದ ಗುರುತೇ ಸಿಕ್ಕಿರಲಿಲ್ಲ. ಹೆಚ್ಚು ಬೆಳೆಯುತ್ತಿದ್ದ ಮಧ್ಯಪ್ರದೇಶ, ಬಿಹಾರ, ಪಶ್ಚಿಮ ಬಂಗಾಳಗಳಲ್ಲಿ ನಿಷೇಧ ಜಾರಿಗೆ ಬರಲಿಲ್ಲ. ನಾನು ಆ ಶಾಸನವನ್ನು ಪೂರ್ತಿ ತಳ್ಳಿಹಾಕಲಾರೆ: ಕಲಬುರಗಿಯ ಬಂಗಾರದಂಥ ತೊಗರಿ ಬೇಳೆಗೂ ಕಡಲೆ ಹಿಟ್ಟಿಗೂ ಇದನ್ನು ಬೆರೆಸುವ ವರ್ತಕರ ಕೈಕಟ್ಟಲು ಒಂದು ಕಾನೂನು ಬೇಕಿತ್ತು. ಆದರೆ ಅದು ಮಾರಾಟವನ್ನು ತಡೆಯಲು ಬರೆದದ್ದು. ಜೀತದಾಳಿನ ಸೆರಗಿಗೆ ಸುರಿಯುವ ಕೂಲಿಯನ್ನು ಅದು ಮುಟ್ಟಲಿಲ್ಲ. ಬಲ್ಲಿದನು ದುರ್ಬಲನಿಗೆ ಈ ಕಾಳನ್ನು ಉಣಿಸಿದ ಅತ್ಯಂತ ನಿಷ್ಕರುಣ ದೃಷ್ಟಾಂತ ಪೂರ್ವ ಯೂರೋಪಿನದು. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ರುಮೇನಿಯದ ಆಡಳಿತ ವಾಪ್ನಿಯಾರ್ಕ ಶಿಬಿರದ ಯಹೂದಿ ಕೈದಿಗಳಿಗೆ ದನದ ಮೇವಾದ ಇದೇ ಕಾಳನ್ನು ನಿತ್ಯದ ಆಹಾರವಾಗಿ ಕೊಟ್ಟಿತು. ನೂರಾರು ಜನ ಕಾಲಿನ ಸ್ವಾಧೀನ ಕಳೆದುಕೊಂಡರು. ಕಾರಣವನ್ನು ಗುರುತಿಸಿದವರು ಕೈದಿಯೇ ಆಗಿದ್ದ ವೈದ್ಯ ಆರ್ಥರ್ ಕೆಸ್ಲರ್.

ನಮ್ಮಲ್ಲಿ ರೋಗದ ಪ್ರಾಬಲ್ಯ ಕುಗ್ಗಿದ್ದು ನೀರಾವರಿ ಹರಡಿ ಗೋಧಿ ಅಗ್ಗವಾದಾಗ, ಕೂಲಿ ಹಣದ ರೂಪಕ್ಕೆ ತಿರುಗಿದಾಗ, 1976ರಲ್ಲಿ ಜೀತಪದ್ಧತಿ ಕಾನೂನಿನಿಂದ ರದ್ದಾದಾಗ. ಬಡವನ ತಟ್ಟೆಗೆ ಎರಡನೆಯ ಧಾನ್ಯ ಬಂದ ಕ್ಷಣದಲ್ಲಿ ಓಡ್ಯಾಪಿನ ಪ್ರಭುತ್ವ ಶಿಥಿಲವಾಯಿತು. 2016ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮಿತಿ ಕಡಿಮೆ ವಿಷದ ತಳಿಗಳಿಗೆ ಅನುಕೂಲವಾದ ಅಭಿಪ್ರಾಯ ಕೊಟ್ಟಿತು. ಆ ಅಣುವಿನ ಭಾಗ್ಯವೂ ತಿರುಗಿದೆ: ಚೀನಾದ ವೈದ್ಯರು ರಕ್ತಸ್ರಾವ ನಿಲ್ಲಿಸಲು ಬಳಸುವ ಒಂದು ಬಗೆಯ ಜಿನ್ಸೆಂಗ್ ಬೇರಿನ ಸತ್ವ ಇದೇ ಓಡ್ಯಾಪ್ ಎಂದು ತಿಳಿದುಬಂದಿದೆ. ರಾವ್ ಮತ್ತು ಅಡಿಗರು 1963ರಲ್ಲಿ ಎಲ್.ಕೆ. ರಾಮಚಂದ್ರನ್ ಅವರೊಡನೆ ಇದೇ ಬೀಜದಿಂದ ಬೇರ್ಪಡಿಸಿದ್ದ ಹೋಮೋಆರ್ಜಿನೀನ್ ಎಂಬ ಇನ್ನೊಂದು ಅಮೈನೋ ಆಮ್ಲ ರಕ್ತನಾಳಗಳಿಗೆ ಹಿತಕಾರಿಯಾಗಿರಬಹುದೆಂಬ ವಿಚಾರ ಈಗ ನಡೆಯುತ್ತಿದೆ. ಜೀವನದ ಬಹುಭಾಗವನ್ನು ಈ ಕಾಳಿನ ವಿಷಕ್ಕೆ ಮುಡಿಪಿಟ್ಟ ರಾವ್ ಅವರೇ 2011ರಲ್ಲಿ ಈ ದ್ರವ್ಯಗಳ ಉಜ್ವಲ ಮುಖವನ್ನೂ ನೋಡಿರೆಂದು ವಿದ್ವಲ್ಲೋಕದ ಮುಂದೆ ವಾದ ಮಂಡಿಸಿದರು.

ಕಲಬುರಗಿಯ, ಬೀದರದ, ರಾಯಚೂರಿನ ಓದುಗರೇ, ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡದ ಬಂಧುಗಳೇ, ಬಹಮನಿಗಳ ಮತ್ತು ನಿಜಾಮರ ಹೆಸರುಗಳನ್ನು ನಮ್ಮ ಮಕ್ಕಳು ಇಸವಿಗಳ ಸಮೇತ ಒಪ್ಪಿಸುತ್ತಾರೆ. ಶರ್ಮ, ರಾವ್, ಅಡಿಗ, ಗೋಪಾಲನ್, ನಾಗರಾಜನ್, ಮೋಹನ್: ಈ ಹೆಸರುಗಳನ್ನೂ ಅವರಿಗೆ ಕಲಿಸಿ, 1964 ಎಂಬ ಇಸವಿಯ ಸಮೇತ ಕಲಿಸಿ.